ರೋಬೋ ಕುಸ್ತಿಯ ತೀರ್ಪುಗಾರರು

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ನಮ್ಮ ರೋಬೋ ಸ್ಪರ್ಧೆಯ ವಾಟ್ಸಾಪ್ ಗುಂಪಿನಿಂದ. ಬೇಲೂರಿನ ಮೇಷ್ಟ್ರೊಬ್ಬರು ಯಾರ ಬಳಿಯಾದರೂ ಹೆಚ್ಚಿನ ಮೋಟಾರು ಇದೆಯೇ ಎಂದು ಕೇಳಿದ್ದರು. ಅದರ ಕೆಳಗೆ ಈ ಸುದ್ದಿ ಬಂತು. ಆಮೇಲೆ ಸಾಲಾಗಿ ಕೈಮುಗಿದ ಚಿತ್ರಗಳು, ನಡುವೆ ಒಂದು ಕಡೆ 'ನನ್ನ ಹತ್ರ ಎರಡು ಇವೆ ಸಾರ್' ಎಂಬ ಉತ್ತರ. ಓದಿದವರಿಗೆ ಒಂದು ಕ್ಷಣ ಗಲಿಬಿಲಿಯಾಗುವಂತಿತ್ತು. ಅವರಿದ್ದಿದ್ದರೆ ಖಂಡಿತ ಬೈಯುತ್ತಿದ್ದರು.

ಅವರು ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ರಿಪೇರಿಯ ಕೆಲಸ ಮಾಡಿ ನಿವೃತ್ತರಾದವರು. ನಾನು ಹಳೇಬೀಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ನಮ್ಮಿಬ್ಬರ ಪರಿಚಯಕ್ಕೆ ಕಾರಣವಾದದ್ದು ಅಂಗೈಯಗಲದ ಯಂತ್ರಗಳ ಕುಸ್ತಿ. ಸುಮೋ ಎಂದರೆ ಜಪಾನಿನ ಕುಸ್ತಿ. ಎದುರಾಳಿಯನ್ನು ದುಂಡನೆಯ ಕಣದಿಂದ ಆಚೆ ನೂಕಿದವನು ಗೆದ್ದಂತೆ. ಅದನ್ನೇ ರೋಬೋಗಳಿಂದ ಆಡಿಸುತ್ತಾರೆ. ಎರಡು ಪುಟ್ಟ ಗಾಡಿಗಳು, ಒಂದೊಂದೂ ಅರ್ಧ ಕೆಜಿ ಮೀರುವ ಹಾಗಿಲ್ಲ. ಕಪ್ಪು ಕಣ, ಸುತ್ತ ಬಿಳಿಯ ಅಂಚು. ಒಮ್ಮೆ ಬಿಟ್ಟರೆ ಮಕ್ಕಳು ಮುಟ್ಟುವಂತಿಲ್ಲ. ಎದುರಿಗಿರುವುದನ್ನು ಹುಡುಕಿ ನೂಕುವುದು, ಬಿಳಿ ಅಂಚು ಕಂಡರೆ ಹಿಂದೆ ಸರಿಯುವುದು ಎಲ್ಲ ಅದರದೇ ಕೆಲಸ. ಮೊದಲು ನೆಲ ಮುಟ್ಟಿದ ರೋಬೋ ಸೋತಂತೆ. ಮೂರರಲ್ಲಿ ಎರಡು ಗೆದ್ದವರಿಗೆ ಪಂದ್ಯ.

ಅರಸೀಕೆರೆ, ಬೇಲೂರು, ಹಳೇಬೀಡು, ಬಾಣಾವರ, ಹಗರೆ ಈ ಕಡೆಯ ಕೆಲವು ಶಾಲೆಗಳ ಮೇಷ್ಟ್ರುಗಳು ಸೇರಿ ವರ್ಷಕ್ಕೊಮ್ಮೆ ಈ ಸ್ಪರ್ಧೆ ನಡೆಸಲು ಶುರುಮಾಡಿದೆವು. ಮೊದಲ ವರ್ಷವೇ ಜಗಳವಾಯಿತು. ತೀರ್ಪು ಕೊಡುತ್ತಿದ್ದವರೂ ನಾವೇ, ಮಕ್ಕಳನ್ನು ಕರೆತಂದವರೂ ನಾವೇ. ಯಾವ ಶಾಲೆಗೂ ಸೇರದ, ಆದರೆ ವೈರು ಗೊತ್ತಿರುವ ಒಬ್ಬರು ಬೇಕು ಎಂದಾಗ ಅರಸೀಕೆರೆಯ ಮೇಷ್ಟ್ರು ಇವರನ್ನು ಕರೆತಂದರು. ಬಿಳಿ ಅರ್ಧ ತೋಳಿನ ಅಂಗಿ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಟೆಸ್ಟರು. ನಾವು ಮೇಜಿನ ಮೇಲೆ ಹಾಸಿದ್ದ ಫ್ಲೆಕ್ಸಿನ ಕಣವನ್ನು ಬೆರಳಿನಿಂದ ಒತ್ತಿ ನೋಡಿ, "ಇದು ಕಣ ಅಲ್ಲ ಕಣ್ರೀ, ಚಾಪೆ" ಎಂದರು. ಮುಂದಿನ ಸಲ ಬರುವಾಗ ಪ್ಲೈವುಡ್ಡಿನಲ್ಲಿ ತಾವೇ ಕತ್ತರಿಸಿ, ಬಣ್ಣ ಬಳಿದ ಕಣವನ್ನು ಆಟೋದಲ್ಲಿ ತಂದರು. ಆ ಬಿಳಿ ಅಂಚಿನ ಅಗಲ ಎಲ್ಲಿ ಅಳೆದರೂ ಒಂದೇ. ನಾನು ಅಳೆದು ನೋಡಿದ್ದೇನೆ.

ಪಂದ್ಯ ಶುರುಮಾಡುವ ಅವರ ರೀತಿ ಬೇರೆ. ಸೀಟಿ ಊದುತ್ತಿರಲಿಲ್ಲ. ಬಲಗೈಯನ್ನು ಭುಜದ ನೇರಕ್ಕೆ ಅಡ್ಡವಾಗಿ ಚಾಚಿ ನಿಲ್ಲುತ್ತಿದ್ದರು. ಕೈಮರ ಎನ್ನುವ ಹಳೆಯ ರೈಲ್ವೆ ಸಿಗ್ನಲ್ ಕಂಬದ ಪಟ್ಟಿ ಹಾಗೆಯೇ ಇರುತ್ತಿತ್ತಂತೆ. ಅಡ್ಡ ಇದ್ದರೆ ನಿಲ್ಲು, ಇಳಿದರೆ ಹೋಗು. ಕೈ ಇಳಿಯಿತೆಂದರೆ ಮಕ್ಕಳು ಗುಂಡಿ ಒತ್ತಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೈಮರದ ತಂತಿಗೆ ಎಣ್ಣೆ ಹಾಕುತ್ತಾ ಮೈಲಿಗಟ್ಟಲೆ ನಡೆಯುತ್ತಿದ್ದರು ಎಂದು ಒಮ್ಮೆ ಹೇಳಿದ್ದರು. ತಮ್ಮ ಬಗ್ಗೆ ಅವರು ಹೇಳಿದ್ದು ಹೆಚ್ಚುಕಡಿಮೆ ಅಷ್ಟೇ.

ತೂಕದ ವಿಷಯದಲ್ಲಿ ಅವರಿಗೆ ನಮ್ಮ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನಂಬಿಕೆ ಇರಲಿಲ್ಲ. ಕೊಬ್ಬರಿ ಮಂಡಿಯ ಪರಿಚಯದವರಿಂದ ಅರ್ಧ ಕೆಜಿಯ ಕಬ್ಬಿಣದ ತೂಕದ ಬಟ್ಟನ್ನು ಕೇಳಿ ತರುತ್ತಿದ್ದರು. ಮೊದಲು ಅದನ್ನು ಇಟ್ಟು ತಕ್ಕಡಿಯನ್ನು ಪರೀಕ್ಷಿಸುವುದು, ಆಮೇಲೆ ರೋಬೋಗಳು. ಒಂದು ಸಲ ಹಗರೆಯ ಹುಡುಗರು ತಮ್ಮ ರೋಬೋಗೆ ದೃಷ್ಟಿಯಾಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ತಂದಿದ್ದರು. ತೂಕ ಜಾಸ್ತಿ ಬಂತು. ಇವರು ನಗಲಿಲ್ಲ.

"ನಿಂಬೆಹಣ್ಣು ಇಟ್ಕಂತೀರೋ, ಬ್ಯಾಟ್ರಿ ಇಟ್ಕಂತೀರೋ, ತೀರ್ಮಾನ ಮಾಡಿ. ಐದು ನಿಮಿಷ ಟೈಮ್ ಐತೆ."

ಹುಡುಗರು ನಿಜವಾಗಿಯೂ ಐದು ನಿಮಿಷ ಯೋಚಿಸಿದರು. ಕೊನೆಗೆ ನಿಂಬೆಹಣ್ಣು ಬಿಚ್ಚಿ ಮೆಣಸಿನಕಾಯಿ ಉಳಿಸಿಕೊಂಡರು. ತೂಕ ಸರಿಹೋಯಿತು. "ನಡೀಲಿ" ಎಂದರು ಇವರು.

ಮಕ್ಕಳೆಂದರೆ ಅವರಿಗೆ ಪ್ರೀತಿ ಉಕ್ಕುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ರೋಬೋದ ಹೆಸರಿನಿಂದಲೇ ಕರೆಯುತ್ತಿದ್ದರು. ಸೋತು ಅಳುವವರನ್ನು ಸಮಾಧಾನ ಮಾಡುತ್ತಿರಲಿಲ್ಲ. ಗೆದ್ದವರಿಗೆ ಭೇಷ್ ಎನ್ನುತ್ತಿರಲಿಲ್ಲ. ಸಡಿಲವಾಗಿ ಬೆಸುಗೆ ಹಾಕಿದ ತಂತಿ ಕಂಡರೆ ಮಾತ್ರ ಎಲ್ಲರೆದುರು ಎಳೆದು ತೋರಿಸುತ್ತಿದ್ದರು. ಹಾಗೆ ಎಳೆದದ್ದಕ್ಕೆ ಬೇಲೂರಿನ ಒಬ್ಬ ಹುಡುಗ ಅತ್ತೇಬಿಟ್ಟ. "ಯಂತ್ರ ಸುಳ್ಳು ಹೇಳಲ್ಲ ಅಂತಾರೆ. ತಂತಿ ಸಡಿಲ ಆದ್ರೆ ಮನುಷ್ರಿಗಿಂತ ಚೆನ್ನಾಗಿ ಹೇಳ್ತದೆ" ಎಂದು ಆ ಹುಡುಗನಿಗೆ ಹೇಳಿದರು. ಅವನಿಗೆ ಅದು ಸಮಾಧಾನದ ಮಾತಾಗಿ ಕೇಳಿಸಿತೆಂದು ನನಗನಿಸುವುದಿಲ್ಲ.

ಇನ್ನೊಂದು ಮಾತನ್ನು ಅವರು ಆಗಾಗ ಹೇಳುತ್ತಿದ್ದರು. "ಅನುಮಾನ ಬಂತೋ, ಕೆಂಪು ದೀಪ. ರೈಲು ತಡ ಆದ್ರೆ ಬೈಸ್ಕಂತೀವಿ, ಅಷ್ಟೇ ತಾನೆ." ಸಿಗ್ನಲ್ಲಿನ ವ್ಯವಸ್ಥೆಯೇ ಹಾಗಂತೆ, ಎಲ್ಲಿ ಏನು ಕೆಟ್ಟರೂ ತಾನಾಗಿ ಕೆಂಪಿಗೆ ಬಂದು ನಿಲ್ಲುತ್ತದೆ. ಕಣದ ಬದಿಯಲ್ಲೂ ಅವರದು ಅದೇ ನಿಯಮ. ಎರಡು ರೋಬೋಗಳು ಒಟ್ಟಿಗೆ ಉರುಳಿ, ಯಾವುದು ಮೊದಲು ನೆಲ ಮುಟ್ಟಿತೆಂದು ಕಾಣದಿದ್ದರೆ ಕೈಯನ್ನು ಅಡ್ಡ ಚಾಚಿ, "ನಂಗೆ ಕಾಣ್ಲಿಲ್ಲ. ಮತ್ತೆ ಆಡಿ" ಎಂದುಬಿಡುತ್ತಿದ್ದರು. ಇದರಿಂದ ಸ್ಪರ್ಧೆ ಮುಗಿಯುವುದು ತಡವಾಗುತ್ತಿತ್ತು. ಸ್ಪರ್ಧೆಯ ಉಸ್ತುವಾರಿ ನೋಡುತ್ತಿದ್ದ ಬೇಲೂರಿನ ಸಂಚಾಲಕರು ಗಡಿಯಾರ ನೋಡುತ್ತಾ ಒದ್ದಾಡುತ್ತಿದ್ದರು. ಆದರೆ ಅವರ ತೀರ್ಪಿನ ಮೇಲೆ ಯಾರೂ ತಕರಾರು ತೆಗೆದದ್ದಿಲ್ಲ.

ಆ ಒಂದು ವರ್ಷದವರೆಗೆ.

ಆ ವರ್ಷ ನಮ್ಮ ಶಾಲೆಯಿಂದ ರಕ್ಷಿತಾ ಎಂಬ ಹುಡುಗಿ ಬಂದಿದ್ದಳು. ಬಸ್ತಿಹಳ್ಳಿಯವಳು, ಒಂಬತ್ತನೇ ತರಗತಿ. ಮನೆಯಲ್ಲಿ ಮೂರು ಹಸುಗಳು. ಡೇರಿಗೆ ಹಾಲು ಹಾಕಿ ಶಾಲೆಗೆ ಬರುತ್ತಿದ್ದಳು. ಮಾತು ಕಡಿಮೆ. ತನ್ನ ರೋಬೋಗೆ ಕೆಂದಿ ಎಂದು ಹೆಸರಿಟ್ಟಿದ್ದಳು. ಅವರ ಮನೆಯಲ್ಲಿ ಹತ್ತಿರ ಬಂದವರನ್ನೆಲ್ಲ ಹಾಯುವ ಹಸುವಿನ ಹೆಸರು ಅದು. ಕೆಂದಿಯ ಮುಂದಿನ ತಗಡನ್ನು ನೆಲಕ್ಕೆ ತಾಗುವಂತೆ ಉಜ್ಜಿ ಉಜ್ಜಿ ಚೂಪು ಮಾಡಲು ಅವಳು ತಿಂಗಳುಗಟ್ಟಲೆ ಮಧ್ಯಾಹ್ನದ ಊಟದ ಬಿಡುವನ್ನು ಕಳೆದಿದ್ದಳು. ಎದುರಾಳಿಯ ಅಡಿಗೆ ನುಗ್ಗಿ ಎತ್ತುವುದು ಅವಳ ಲೆಕ್ಕಾಚಾರ.

ಅರಸೀಕೆರೆಯ ಒಂದು ಸಭಾಂಗಣದಲ್ಲಿ ಕೊನೆಯ ಪಂದ್ಯ. ಎದುರಿಗೆ ಬಾಣಾವರದ ಹುಡುಗರ ರೋಬೋ, ಹೆಸರು ಬುಲ್ಡೋಜರ್. ಗೆದ್ದವರು ಮೈಸೂರಿನ ಒಂದು ಕಾಲೇಜಿನಲ್ಲಿ ನಡೆಯುವ ದೊಡ್ಡ ಸ್ಪರ್ಧೆಗೆ ಹೋಗಬಹುದಿತ್ತು. ಒಂದು ಸುತ್ತು ಬಾಣಾವರದವರು ಗೆದ್ದರು, ಒಂದು ಸುತ್ತು ರಕ್ಷಿತಾ ಗೆದ್ದಳು. ಬಹುಮಾನ ಕೊಡಲು ಬಂದಿದ್ದ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತು. ಅವರು ಎದ್ದು ನಿಂತಾಗಿತ್ತು.

ಮೂರನೇ ಸುತ್ತಿನಲ್ಲಿ ಎರಡೂ ರೋಬೋಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಳಿ ಅಂಚಿನ ಮೇಲೆ ಗಿರಗಿರ ತಿರುಗಿದವು. ಸರಿಯಾಗಿ ಆಗಲೇ ಸಂಚಾಲಕರು ತೀರ್ಪುಗಾರರ ಹಿಂದಿನಿಂದ ಬಂದು ಭುಜ ಮುಟ್ಟಿ, "ಸಾರ್, ಗೆಸ್ಟು ಹೊರಟ್ರು. ಇನ್ನೊಂದ್ಸಲ ಗಿನ್ನೊಂದ್ಸಲ ಅನ್ಬೇಡಿ, ಮುಗಿಸ್ಬಿಡಿ" ಎಂದರು. ಇವರು ಆ ಕಡೆ ತಿರುಗಿದರು. ಟಕ್ ಎಂಬ ಸದ್ದಾಯಿತು. ಎರಡು ರೋಬೋಗಳೂ ಕೆಳಗೆ ಬಿದ್ದಿದ್ದವು.

"ಯಾರು? ಯಾರು ಗೆದ್ದಿದ್ದು?" ಎಂದು ಮಕ್ಕಳು ಕೂಗಿದರು.

ಅವರು ತಿರುಗಿ ಕೆಳಗೆ ಬಿದ್ದಿದ್ದ ರೋಬೋಗಳನ್ನು ನೋಡಿದರು. ಆಮೇಲೆ ಬಾಣಾವರದ ಹುಡುಗರ ಕಡೆಗೆ ಕೈ ತೋರಿಸಿದರು.

ನಾನು ಕಣದ ಆಚೆ ಬದಿಯಲ್ಲಿ, ಅವರಿಗೆ ಎದುರಾಗಿ ನಿಂತಿದ್ದೆ. ಯಾವ ರೋಬೋ ಮೊದಲು ಬಿತ್ತೆಂದು ನನಗೂ ಕಾಣಲಿಲ್ಲ. ಅವರ ಮುಖ ಯಾವ ಕಡೆಗಿತ್ತು ಎಂಬುದು ಮಾತ್ರ ಚೆನ್ನಾಗಿ ಕಂಡಿತ್ತು. ರಕ್ಷಿತಾ ನನ್ನ ಪಕ್ಕಕ್ಕೆ ಬಂದು, "ಸಾರ್, ಆ ತಾತ ಅತ್ಲಾಗೆ ತಿರುಗಿದ್ರು" ಎಂದಳು. ನಾನು, "ತೀರ್ಪು ಅಂದ್ರೆ ತೀರ್ಪು ಕಣಮ್ಮ. ಮುಂದಿನ ವರ್ಷ ನೋಡೋಣ" ಎಂದೆ. ಅತಿಥಿಗಳು ಹೊರಟಿದ್ದರು, ಸಂಚಾಲಕರು ನನ್ನ ಸ್ನೇಹಿತರು. ಜಗಳ ಬೇಡವೆನ್ನಿಸಿತು, ಅಷ್ಟೇ. ಸೋಮವಾರ ಅವಳು ಕೆಂದಿಯನ್ನೂ ಸ್ಕ್ರೂಡ್ರೈವರಿನ ಡಬ್ಬಿಯನ್ನೂ ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು ಹೋದಳು. ಆಮೇಲೆ ಆ ಕಡೆ ಬರಲಿಲ್ಲ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರು ನಮ್ಮ ಮನೆಯ ಗೇಟಿನ ಹತ್ತಿರ ನಿಂತಿದ್ದರು. ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಬಂದಿದ್ದರಂತೆ. ಒಳಗೆ ಕರೆದರೆ ಬರಲಿಲ್ಲ.

"ಆ ಕೆಂದಿ ಹುಡುಗಿ ಮನೆ ಎಲ್ಲೈತೆ ಮೇಷ್ಟ್ರೇ? ತೋರಿಸ್ತೀರಾ?"

ಬಸ್ತಿಹಳ್ಳಿಗೆ ನಡೆದೇ ಹೋದೆವು. ಬಸದಿಗಳನ್ನು ನೋಡಲು ಬಂದವರ ಕಾರುಗಳು ರಸ್ತೆಬದಿಯಲ್ಲಿ ನಿಂತಿದ್ದವು. ಯಾಕೆ ಬಂದಿರೆಂದು ನಾನು ಕೇಳಲಿಲ್ಲ.

ರಕ್ಷಿತಾ ಕೊಟ್ಟಿಗೆಯ ಮುಂದೆ ಹಸುವಿನ ಮೈ ತೊಳೆಯುತ್ತಿದ್ದಳು. ಅವಳ ತಾಯಿ ನಮ್ಮನ್ನು ಕಂಡು ಗಾಬರಿಯಾಗಿ ಒಳಗಿನಿಂದ ಕುರ್ಚಿ ತಂದು ಹಾಕಿದರು. ಇವರು ಕೂರಲಿಲ್ಲ. ಹುಡುಗಿಯ ಎದುರಿಗೆ ನಿಂತು ಹೇಳಿದರು:

"ನೋಡಮ್ಮ, ಅವತ್ತು ನಾನು ನೋಡ್ಲಿಲ್ಲ. ನೋಡಿದೀನಿ ಅನ್ನೋ ಹಂಗೆ ಕೈ ತೋರಿಸ್ದೆ. ತಪ್ಪಾಯ್ತು."

ಹುಡುಗಿ ಬಕೆಟ್ಟನ್ನು ಕೆಳಗಿಟ್ಟಳು. ತಾಯಿಗೆ ವಿಷಯವೇ ಗೊತ್ತಿರಲಿಲ್ಲ. ನಾನು ಎರಡು ಮಾತಿನಲ್ಲಿ ಹೇಳಿದೆ. "ಅಯ್ಯೋ ಬಿಡಿ ಸ್ವಾಮಿ, ಮಕ್ಕಳಾಟ. ಅದಕ್ಯಾಕೆ ನೀವು ಇಷ್ಟು ದೂರ ಬಂದ್ರಿ?" ಎಂದರು ಆ ತಾಯಿ.

"ಆಟ ಮಕ್ಕಳದು. ಸುಳ್ಳು ನಂದು" ಎಂದರು ಇವರು.

ಆಗ ರಕ್ಷಿತಾ ಬಾಯಿಬಿಟ್ಟಳು. "ಅಲ್ಲಿ ಎಲ್ಲರ ಮುಂದೆ ನಾನು ಸೋತೆ ಅಂದ್ರಿ. ಇಲ್ಲಿ ಕೊಟ್ಟಿಗೆ ಹತ್ರ ಬಂದು ತಪ್ಪಾಯ್ತು ಅಂತೀರ."

"ಏಯ್, ದೊಡ್ಡೋರ ಹತ್ರ ಹಂಗಾ ಮಾತಾಡದು?" ಎಂದು ತಾಯಿ ಗದರಿದರು.

"ಬೈಬೇಡ್ರಮ್ಮ. ಅವಳು ಹೇಳಿದ್ದು ಸರಿಯಾಗೈತೆ." ಅವರು ಸ್ವಲ್ಪ ಹೊತ್ತು ಹಸುವನ್ನೇ ನೋಡುತ್ತಾ ನಿಂತರು. ಆಮೇಲೆ "ಆಯ್ತು, ಎಲ್ಲರ ಮುಂದೆನೇ ಹೇಳ್ತೀನಿ" ಎಂದು ಹೊರಟರು. ತಾಯಿ ತಂದ ಮಜ್ಜಿಗೆಯನ್ನು ಮಾತ್ರ ಕುಡಿದರು.

ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ನನ್ನ ಕಡೆ ತಿರುಗಿ ಕೇಳಿದರು. "ನೀವು ನನ್ನೆದುರಿಗೇ ಇದ್ರಿ. ನಾನು ತಿರುಗಿದ್ದು ನೋಡಿದ್ರಿ ಅಲ್ವಾ?"

"ನೋಡಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

ನಾನು ಬಸ್ಸು ಬರುವ ದಾರಿಯ ಕಡೆ ನೋಡಿದೆ. ಅವರು ಉತ್ತರಕ್ಕಾಗಿ ಕಾದರು. ಕೊನೆಗೆ ಬಸ್ಸು ಬಂತು.

ಅವರು ಸಂಚಾಲಕರನ್ನು ಕಂಡು ಪಂದ್ಯವನ್ನು ಮತ್ತೆ ಆಡಿಸಬೇಕೆಂದು ಕೇಳಿದರು. ಸಂಚಾಲಕರು ಆಗುವುದಿಲ್ಲ ಎಂದರು. ಗೆದ್ದವರ ಫೋಟೋ ಪತ್ರಿಕೆಯಲ್ಲಿ ಬಂದಾಗಿತ್ತು, ಹೆಸರು ಮೈಸೂರಿಗೆ ಹೋಗಿತ್ತು. ಇವರು ಸೀದಾ ಬಾಣಾವರಕ್ಕೆ ಹೋದರು. ಅಲ್ಲಿಯ ಮೇಷ್ಟ್ರು ನನಗೆ ಫೋನು ಮಾಡಿ ಕೂಗಾಡಿದ್ದರಿಂದ ಅಲ್ಲಿ ನಡೆದದ್ದು ನನಗೆ ಗೊತ್ತು. ಗೆದ್ದ ತಂಡದ ಹುಡುಗ, "ಹಂಗಾದ್ರೆ ನಾವು ಗೆದ್ದಿಲ್ವಾ ತಾತ?" ಎಂದು ಕೇಳಿದನಂತೆ. "ಗೊತ್ತಿಲ್ಲ ಕಣಪ್ಪ. ಗೊತ್ತಿಲ್ಲ ಅಂತ ಹೇಳಕ್ಕೇ ಬಂದೆ" ಎಂದರಂತೆ ಇವರು. ಹುಡುಗರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ತಾವೇ ಆಡುತ್ತೇವೆಂದರು. ಆದರೆ ತಮ್ಮ ಶಾಲೆಯಲ್ಲೇ ಆಗಬೇಕು. ಪ್ರಶಸ್ತಿ ಬಿಟ್ಟುಕೊಡುವುದಿಲ್ಲ. ಗೆದ್ದವರು ಯಾರೆಂದು ತಿಳಿಯಬೇಕು, ಅಷ್ಟೇ.

ರಕ್ಷಿತಾಗೆ ಹೇಳಿದೆ. ಅವಳು ಸೀದಾ ಪ್ರಯೋಗಶಾಲೆಗೆ ಹೋಗಿ ಕೆಂದಿಯನ್ನು ತೆಗೆದುಕೊಂಡಳು.

ಮರುಪಂದ್ಯದ ದಿನ ನಾನು, ರಕ್ಷಿತಾ, ಅವಳ ತಾಯಿ ಅರಸೀಕೆರೆಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಪ್ಯಾಸೆಂಜರ್ ರೈಲಿನ ಹತ್ತಿರ ಅವರು ಕಣವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ನಿಂತಿದ್ದರು. ಪ್ಲಾಟ್‌ಫಾರಮ್ಮಿನಲ್ಲಿ ಗುರುತಿನ ರೈಲ್ವೆಯವರೊಬ್ಬರು, "ಏನ್ಲಾ ಇದು, ಯಾವ್ದೋ ಮದುವೆಮನೆ ಟೇಬಲ್ಲಾ?" ಎಂದು ಛೇಡಿಸಿದರು. ಇವರು ಕಣ ಎಂದಷ್ಟೇ ಹೇಳಿದರು. ಬಾಣಾವರದವರೆಗೂ ಅದನ್ನು ಬಾಗಿಲ ಬಳಿ ಗೋಡೆಗೆ ಒರಗಿಸಿ, ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ರಕ್ಷಿತಾ ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಇನ್ನೊಂದು ಬದಿ ಹಿಡಿದುಕೊಂಡಳು.

ಬಾಣಾವರದ ಶಾಲೆಯ ಸಭಾಂಗಣದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ತೀರ್ಪುಗಾರರೇ ಫೋನು ಮಾಡಿ ಕರೆದಿದ್ದರಿಂದ ಬೇರೆ ಊರುಗಳ ಮೇಷ್ಟ್ರುಗಳೂ ನಾಲ್ಕೈದು ಜನ ಬಂದಿದ್ದರು. ಸಂಚಾಲಕರು ಬಂದಿರಲಿಲ್ಲ. ಇವರು ಮೈಕು ಬೇಡವೆಂದರು. ಕೊಟ್ಟಿಗೆಯ ಮುಂದೆ ಹೇಳಿದ ಮಾತನ್ನೇ, ಒಂದು ಪದ ಹೆಚ್ಚಿಲ್ಲದೆ, ಜೋರಾಗಿ ಹೇಳಿದರು. ಸಂಚಾಲಕರು ಅವಸರ ಮಾಡಿದರೆಂದು ಮಾತ್ರ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಏನು ಮಾಡಬೇಕೆಂದು ಜನಕ್ಕೆ ತಿಳಿಯಲಿಲ್ಲ. ಆಮೇಲೆ ಅವರು ಬಗ್ಗಿ ಕಣದ ದೂಳು ಒರೆಸಿ, ಕೈಯನ್ನು ಅಡ್ಡ ಚಾಚಿದರು.

ಬುಲ್ಡೋಜರ್ ಎರಡು ಸುತ್ತನ್ನೂ ಗೆದ್ದಿತು. ಬಾಣಾವರದ ಹುಡುಗರು ಅಷ್ಟರಲ್ಲಿ ತಮ್ಮ ರೋಬೋದ ಮುಂಭಾಗವನ್ನೂ ನೆಲಕ್ಕೆ ತಾಗುವಂತೆ ಉಜ್ಜಿ ಚೂಪು ಮಾಡಿದ್ದರು. ಕೆಂದಿಯ ತಗಡು ಅದರ ಅಡಿಗೆ ಹೋಗಲಾರದೆ ತಾನೇ ಎತ್ತಿಸಿಕೊಂಡಿತು. ಎರಡನೇ ಸಲವಂತೂ ಕಣದಿಂದ ಒಂದು ಅಡಿ ದೂರಕ್ಕೆ ಹೋಗಿ ಮಗುಚಿ ಬಿತ್ತು. ಚಕ್ರಗಳು ಇನ್ನೂ ತಿರುಗುತ್ತಿದ್ದವು.

ರಕ್ಷಿತಾ ಅದನ್ನು ಎತ್ತಿಕೊಂಡು ಸ್ವಿಚ್ಚು ಆರಿಸಿ ಅವರ ಮುಂದೆ ನಿಂತಳು.

"ಈ ಸಲ ಸರಿಯಾಗಿ ಕಾಣ್ತಾ ತಾತ?"

"ಕಾಣ್ತು. ನೀನು ಸೋತೆ."

"ಹೂಂ" ಎಂದಳು. ಬಾಣಾವರದ ಹುಡುಗನ ಬಳಿ ಹೋಗಿ, ಅವರ ಮೋಟಾರು ಎಲ್ಲಿಂದ ತರಿಸಿದ್ದು ಎಂದು ಕೇಳಿದಳು. ವಾಪಸು ಬರುವಾಗ ರೈಲಿನಲ್ಲಿ ಅಳುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಅವಳು ಕಿಟಕಿಯ ಪಕ್ಕ ಕೂತು ಪುರಿ ತಿನ್ನುತ್ತಿದ್ದಳು. ಸೋಮವಾರ ಮಧ್ಯಾಹ್ನ ಪ್ರಯೋಗಶಾಲೆಯ ಬೀಗದ ಕೈ ಕೇಳಲು ಬಂದಳು. ಈಗ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಮರುವರ್ಷ ಅವಳು ಗೆದ್ದಳೇ ಎಂದು ಕೇಳುವವರಿದ್ದಾರೆ. ಇಲ್ಲ, ಎರಡನೇ ಪಂದ್ಯದಲ್ಲೇ ಸೋತಳು.

ಅವರನ್ನು ಆಮೇಲೆ ತೀರ್ಪಿಗೆ ಕರೆಯಲಿಲ್ಲ. ತೀರ್ಪುಗಾರರೇ ಹಾಗೆ ಹೇಳಿಕೊಂಡು ತಿರುಗಿದರೆ ಸ್ಪರ್ಧೆಯ ಮರ್ಯಾದೆ ಏನಾಗಬೇಕು ಎಂದು ಸಂಚಾಲಕರು ಸಭೆಯಲ್ಲಿ ಕೇಳಿದರು. ಆ ಸಭೆಯಲ್ಲಿ ನಾನು ಮಾತಾಡಿದೆ. ಅವತ್ತು ಅವರು ತಿರುಗಿದ್ದನ್ನು ಕಂಡೂ ಸುಮ್ಮನಿದ್ದವನು ನಾನು ಎಂದೂ ಹೇಳಿದೆ. ಆದರೆ ತಡವಾಗಿತ್ತು. ಅವರ ಪರವಾಗಿ ಕೈಯೆತ್ತಿದವರು ಮೂರೇ ಜನ. ಈಗ ಬೇರೆಯವರು ತೀರ್ಪು ಕೊಡುತ್ತಾರೆ, ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ಓಡಿಸಿ ನೋಡುತ್ತಾರೆ. ಇವರು ಮುಂದಿನ ವರ್ಷ ಒಮ್ಮೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತು, ಬಹುಮಾನ ಕೊಡುವ ಮೊದಲೇ ಎದ್ದುಹೋದರು. ಕಣವನ್ನು ವಾಪಸು ಕೇಳಲಿಲ್ಲ. ಇವತ್ತಿಗೂ ಅದರ ಮೇಲೆಯೇ ಆಡುತ್ತಾರೆ.

ಸುದ್ದಿ ಬಂದ ಮೂರನೆಯ ದಿನ ಅರಸೀಕೆರೆಯ ಅವರ ಮನೆಗೆ ಹೋದೆ. ನಾನು ಆ ಮನೆಗೆ ಹೋದದ್ದು ಅದೇ ಮೊದಲು. ಅವರ ಹೆಂಡತಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ರೋಬೋ ಸ್ಪರ್ಧೆಯ ಮೇಷ್ಟ್ರು ಎಂದು ಪರಿಚಯ ಹೇಳಿಕೊಂಡೆ.

"ಹೂಂ, ಅದೇನೋ ಆಡಿಸ್ತಿದ್ರಲ್ಲ. ಮಂಡಿನೋವು, ನಿಲ್ಲಕ್ಕಾಗಲ್ಲ ಅಂತ ಬಿಟ್ಬಿಟ್ರು" ಎಂದರು.

ಅವರಿಗೆ ಏನೂ ಗೊತ್ತಿಲ್ಲವೆಂದು ನನಗೆ ಆಗ ತಿಳಿಯಿತು. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದೆ. ಆಮೇಲೆ ಹೇಳಿದೆ. ಬಸ್ಸಿನಲ್ಲಿ ಬಂದದ್ದು, ಕೊಟ್ಟಿಗೆಯ ಮುಂದೆ ನಿಂತದ್ದು, ಬಾಣಾವರಕ್ಕೆ ಕಣ ಹೊತ್ತದ್ದು, ಎಲ್ಲ.

ಅವರು ಸೆರಗಿನ ಅಂಚನ್ನು ಮಡಿಚುತ್ತಾ ಬಿಚ್ಚುತ್ತಾ ಕೂತಿದ್ದರು.

"ನಲವತ್ತು ವರ್ಷ ಸಂಸಾರ ಮಾಡಿದೀನಿ ಮೇಷ್ಟ್ರೇ. ಒಂದ್ಸಲ ವಾಚು ಕಳೆದೋಯ್ತು, ನೀನೇ ಎಲ್ಲೋ ಬಿಸಾಕಿದೀಯ ಅಂತ ಎಂಟು ದಿನ ಮಾತು ಬಿಟ್ರು. ಆಮೇಲೆ ಅವರ ಡ್ಯೂಟಿ ಕೋಟಿನ ಜೇಬಲ್ಲೇ ಸಿಕ್ತು. ಕಟ್ಕಂಡು ಡ್ಯೂಟಿಗೆ ಹೋದ್ರು. ಒಂದು ಮಾತಿಲ್ಲ. ನನ್ನ ಹತ್ರ ಯಾವತ್ತೂ ತಪ್ಪಾಯ್ತು ಅಂದೋರಲ್ಲ."

ಅವರು ಸೆರಗು ಬಿಟ್ಟು ನನ್ನ ಕಡೆ ತಿರುಗಿದರು.

"ನಿಜವಾಗ್ಲೂ ಹೇಳಿದ್ರಾ? ಅವರ ಬಾಯಲ್ಲೇ?"

"ಹೇಳಿದ್ರಮ್ಮ. ನಾನು ಪಕ್ಕದಲ್ಲೇ ನಿಂತಿದ್ದೆ."

ಅವರು ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕರೆದರು. ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. "ಬಾ, ಇಲ್ಲಿ ಕೂತ್ಕೋ. ನಿಮ್ಮಾವನ ವಿಷ್ಯ ಹೇಳ್ತಾರೆ ಕೇಳು" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಆಮೇಲೆ ನನ್ನ ಕಡೆ ನೋಡಿ, "ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಮೊದ್ಲಿಂದ" ಎಂದರು.